ಕಬ್ಬಿಣದ ಬಾಜೂಕ ತಾಮ್ರ

ಅವರು ಕುಳಿತದ್ದನ್ನು ನಾನು ಎರಡು ಸಲ ಮಾತ್ರ ನೋಡಿದ್ದೇನೆ. ಒಂದೇ ಪ್ರಯೋಗಶಾಲೆಯಲ್ಲಿ ಅವರ ಜೊತೆ ಎಂಟು ವರ್ಷ ಕೆಲಸ ಮಾಡಿದವನು ನಾನು. ಎಣಿಕೆಯಲ್ಲಿ ತಪ್ಪಿರಲಾರದು.

ಎರಡನೆಯ ಸಲ ನೋಡಿದ್ದು ಕಳೆದ ತಿಂಗಳು, ಕಣಗಲಾದ ಅವರ ಮನೆಯ ಪಡಸಾಲೆಯಲ್ಲಿ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕಿ ಕುಳ್ಳಿರಿಸಿದ್ದರು. ಆ ಮನೆತನದವರು ಸತ್ತವರನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿಯೇ ಮಣ್ಣಿಗೆ ಕೊಡುತ್ತಾರೆ. ಮೂಡಲಗಿಯಲ್ಲಿ ಹುಟ್ಟಿ ಬೆಳೆದ ನನಗೆ ಈ ಪದ್ಧತಿ ಹೊಸದಲ್ಲ. ಇಂಥ ಎಷ್ಟೋ ಪಡಸಾಲೆಗಳಲ್ಲಿ ಕೈಕಟ್ಟಿಕೊಂಡು ನಿಂತಿದ್ದೇನೆ. ಆದರೂ ಅವರನ್ನು ಹಾಗೆ ನೋಡುತ್ತ ನಿಲ್ಲುವುದು ನನ್ನಿಂದ ಆಗಲಿಲ್ಲ. ಎರಡು ಸಲ ಹೊರಗೆ ಹೋಗಿ ಬಂದೆ.

ಗೋಕಾಕದಲ್ಲಿ ಹೊಸದಾಗಿ ತೆರೆದಿದ್ದ ಒಂದು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಮುಖ್ಯಸ್ಥರು, ನಾನು ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರ್. ಅವರ ಕೋಣೆಯಲ್ಲಿ ಕುರ್ಚಿ ಇತ್ತು. ಅದರ ಮೇಲೆ ಸದಾ ವಿದ್ಯುತ್ತು ಅಳೆಯುವ ಗ್ಯಾಲ್ವನೋಮೀಟರಿನ ಪೆಟ್ಟಿಗೆ ಇರುತ್ತಿತ್ತು. ಪಾಠ ಮಾಡುವಾಗ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇರುತ್ತಿದ್ದರು. ಹುಕ್ಕೇರಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಸಲಾಕೆ ಹಿಡಿದು ನಿಂತಿರುತ್ತಿದ್ದರು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದುಬಿಡುತ್ತಿದ್ದರು. ನಮ್ಮ ಜವಾನ ಹುಡುಗರ ಎದುರಿಗೇ ಹೇಳುತ್ತಿದ್ದ: "ನಮ್ಮ ಸರ್ ಕುಂತ ದಿವಸ ಈ ಕಟ್ಟಡಾ ಬೀಳ್ತೈತಿ ನೋಡ್ರಿ."

ಅವರ ತಂದೆಯದು ಹುಕ್ಕೇರಿ ಪೇಟೆಯಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ. ಬಾಲ್ಯವೆಲ್ಲ ಆ ಸಪ್ಪಳದಲ್ಲಿ ಕಳೆದದ್ದರಿಂದಲೋ ಏನೋ, ಯಾವ ಪಾತ್ರೆ ಕಂಡರೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ನಮ್ಮ ಮನೆಗೆ ಬಂದಾಗ ನನ್ನ ತಾಯಿ ಕೊಟ್ಟ ನೀರಿನ ತಂಬಿಗೆಯನ್ನೂ ಬಡಿದರು. "ಯಾಕ್ರೀ, ತೂತು ಐತೇನ್ರಿ?" ಎಂದು ಅವ್ವ ಗಾಬರಿಯಾದಳು. "ಇಲ್ಲವ್ವಾ, ಮಾತಾಡಸಾಕತ್ತೇನಿ" ಎಂದರು.

ಅವರಿಗೆ ಒಂದು ಮಾತಿತ್ತು. ಯಾರಾದರೂ ಏನಾದರೂ ಚೆನ್ನಾಗಿದೆ, ಕೆಟ್ಟದಾಗಿದೆ, ಹೆಚ್ಚು, ಕಡಿಮೆ ಎಂದ ತಕ್ಷಣ, ಯಾವುದರ ಪಕ್ಕದಲ್ಲಿಟ್ಟು ನೋಡಿದರೆ ಎಂಬ ಅರ್ಥದಲ್ಲಿ, ಕೇಳುತ್ತಿದ್ದರು: "ಯಾವುದರ ಬಾಜೂಕ?" ಬಸ್‌ಸ್ಟ್ಯಾಂಡಿನ ಹೋಟೆಲಿನವನು ಒಂದು ದಿನ, "ಇವತ್ತ ಚಹಾ ಮಸ್ತ ಆಗೇತ್ರಿ ಸರ" ಎಂದ.

"ಯಾವುದರ ಬಾಜೂಕ?"

"ನಿನ್ನಿ ಚಹಾದ ಬಾಜೂಕ್ರಿ. ನಿನ್ನಿ ಚಹಾ ಹೆಂಗಿತ್ತಂತ ನನ್ನ ಕೇಳಬ್ಯಾಡ್ರಿ, ಕುಡದಾವ್ರು ನೀವ!"

ಸರ್ ನಿಂತಲ್ಲೇ ಬಹಳ ಹೊತ್ತು ನಕ್ಕರು.

ಈ ಮಾತು ಅವರಿಗೆ ಬಂದದ್ದು ಅವರ ಪ್ರೀತಿಯ ಪಾಠದಿಂದ. ಲೋಹವೊಂದನ್ನು ಅದರದೇ ಲವಣದ ದ್ರಾವಣದಲ್ಲಿ ಅದ್ದಿಟ್ಟರೆ ಅದು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಲು ನೋಡುತ್ತದೆ, ಇಲ್ಲವೇ ಎಳೆದುಕೊಳ್ಳಲು ನೋಡುತ್ತದೆ. ಆ ಸೆಳೆತದ ಅಳತೆಗೆ ಪೊಟೆನ್ಶಿಯಲ್ ಎನ್ನುತ್ತೇವೆ. ಆದರೆ ಒಂಟಿಯಾಗಿ ನಿಂತ ಲೋಹದ ಪೊಟೆನ್ಶಿಯಲನ್ನು ಅಳೆಯುವ ಉಪಾಯ ಯಾರಿಗೂ ಗೊತ್ತಿಲ್ಲ. ಇನ್ನೊಂದನ್ನು ಪಕ್ಕಕ್ಕೆ ಇಟ್ಟು, ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯಬಹುದು. ಅದಕ್ಕಾಗಿ ಎಲ್ಲರೂ ಕೂಡಿ ಹೈಡ್ರೋಜನ್ನಿಗೆ ಸೊನ್ನೆ ಎಂದು ಒಪ್ಪಿಕೊಂಡಿದ್ದಾರೆ, ಉಳಿದವನ್ನೆಲ್ಲ ಅದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ. "ಹೈಡ್ರೋಜನ್ ತಾನಾಗಿ ಸೊನ್ನಿ ಅಲ್ಲ," ಎನ್ನುತ್ತಿದ್ದರು ಸರ್. "ನಾವು ಸೊನ್ನಿ ಅಂದೀವಿ, ಅದಕ್ಕ ಸೊನ್ನಿ. ಅಂದಾವ್ರು ಯಾರು ಅನ್ನೂದು ನೆನಪಿರಲಿ."

ಮ್ಯಾಂಗನೀಸ್, ಸತು, ಕ್ರೋಮಿಯಂ, ಕಬ್ಬಿಣ, ನಿಕ್ಕಲ್, ತಾಮ್ರ, ಬೆಳ್ಳಿ ಇವುಗಳ ಅಳತೆಗಳನ್ನು ಅವರು ಒಂದು ಮಾದರಪಾಟ ಬಟ್ಟೆಯ ಮೇಲೆ ಸ್ವತಃ ಬಣ್ಣದಲ್ಲಿ ಬರೆದು ಪ್ರಯೋಗಶಾಲೆಯ ಗೋಡೆಗೆ ತೂಗುಹಾಕಿದ್ದರು. ಕಬ್ಬಿಣದ ಮುಂದೆ ಪ್ಲಸ್ ಸೊನ್ನೆ ಬಿಂದು ನಾಲ್ಕು ನಾಲ್ಕು. ತಾಮ್ರದ ಮುಂದೆ ಮೈನಸ್ ಸೊನ್ನೆ ಬಿಂದು ಮೂರು ನಾಲ್ಕು. ಈ ಎರಡು ಅಂಕಿಗಳನ್ನೂ ಅವುಗಳ ಚಿಹ್ನೆಗಳನ್ನೂ ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಂಕಲಗಿಯ ಒಬ್ಬ ರೈತ ಒಂದು ದಿನ ಕಬ್ಬಿಣದ ಬಕೀಟು ಹಿಡಿದುಕೊಂಡು ನೇರವಾಗಿ ಪ್ರಯೋಗಶಾಲೆಗೆ ಬಂದ. ಜೋಳಕ್ಕೆ ಕಾಡಿಗೆ ರೋಗ ಬಾರದಿರಲೆಂದು ಬೀಜ ನೆನೆಸಲು ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಲವಣ, ಕಲಸಿದ್ದನಂತೆ. ಬಕೀಟಿನ ಒಳಮೈಯೆಲ್ಲ ಕೆಂಪಗಾಗಿತ್ತು.

"ಸರ, ಇಲ್ಲಿ ಬಂಗಾರ ಮಾಡೂದು ಕಲಸ್ತೀರೇನ್ರಿ? ನಾ ಮನ್ಯಾಗ ಕುಂತು ತಾಮ್ರ ಮಾಡೇನಿ!"

ಸರ್ ಬಕೀಟಿಗೆ ನೀರು ಸುರಿದರು. ತಳದಿಂದ ತೊಟತೊಟ ಸೋರತೊಡಗಿತು.

"ತಾಮ್ರ ಬಂದು ಕುಂತೈತಿ, ಖರೆ. ಜಾಗಾ ಬಿಟ್ಟು ಎದ್ದು ಹೋದಾವ ಯಾರು, ನೋಡೀರೇನು?"

"ಅಂದ್ರ ಬಕೀಟ ಹೋತ್ರಿ?"

"ಬಕೀಟೂ ಹೋತು, ಔಷಧಾನೂ ಹೋತು. ನೀವು ಬೀಜಕ್ಕ ಕುಡಿಸಿದ್ದು ಬರೇ ಕಬ್ಬಿಣದ ನೀರು. ಮಣ್ಣಿನ ಗಡಿಗ್ಯಾಗ ಕಲಸ್ರಿ."

ರೈತ ಸ್ವಲ್ಪ ಹೊತ್ತು ಬಕೀಟನ್ನೇ ನೋಡಿದ. "ನಾ ಊರ ತುಂಬ ತೋರ್ಸಿ ಬಂದೇನ್ರಿ" ಎಂದ. ಆ ಬಕೀಟು ನಮ್ಮಲ್ಲೇ ಉಳಿಯಿತು. ಮುಂದಿನ ಪ್ರಿಲಿಮಿನರಿ ಪರೀಕ್ಷೆಗೆ ಸರ್ ಅದರಿಂದಲೇ ಒಂದು ಪ್ರಶ್ನೆ ಮಾಡಿದರು: ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಏಕೆ ಇಡಬಾರದು? ಕಬ್ಬಿಣ, ತಾಮ್ರಗಳ ಪೊಟೆನ್ಶಿಯಲ್ ಕೊಟ್ಟು, ಎರಡರ ನಡುವಿನ ವ್ಯತ್ಯಾಸ ತೆಗೆದು ತೋರಿಸಿರಿ.

ಮುಂದೆ ನಡೆದದ್ದಕ್ಕೆ ಅವರು ಉತ್ತರಪತ್ರಿಕೆ ತಿದ್ದುವ ರೀತಿಯೂ ಗೊತ್ತಿರಬೇಕು. ಸರ್ ಎಂದೂ ತಪ್ಪಿನ ಮೇಲೆ ಕಾಟು ಹಾಕುತ್ತಿರಲಿಲ್ಲ. ಸೀಸದ ಪೆನ್ಸಿಲಿನಲ್ಲಿ ಪಕ್ಕಕ್ಕೆ ಒಂದು ಸಣ್ಣ ಪ್ರಶ್ನೆಚಿಹ್ನೆ ಇಡುತ್ತಿದ್ದರು, ಅಷ್ಟೇ. ಕೆಂಪು ಪೆನ್ಸಿಲ್ ನನ್ನದು. ಕಾಟು ನನ್ನದು.

ಆ ವರ್ಷ ಬಿ.ಎಸ್ಸಿ. ತರಗತಿಯಲ್ಲಿ ಕುಲಗೋಡದಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿಯಿದ್ದಳು. ಕಮಲಾ ಎನ್ನೋಣ. ಅವಳ ತಂದೆ ಕಂಡವರ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವನು. ಕೆಲವು ವರ್ಷಗಳ ಹಿಂದೆ ಅವರ ಓಣಿಯವರೆಲ್ಲ ಬುದ್ಧನಿಗೆ ಶರಣು ಹೋಗಿದ್ದರು. ಸರಕಾರದ ವಿದ್ಯಾರ್ಥಿವೇತನದ ಮೇಲೆ ಅವಳ ಓದು ನಡೆದಿತ್ತು. ಪ್ರಿಲಿಮಿನರಿಯಲ್ಲಿ ಪಾಸಾದವರ ವಾರ್ಷಿಕ ಪರೀಕ್ಷೆಯ ಫಾರ್ಮುಗಳನ್ನು ಮಾತ್ರ ಕಾಲೇಜು ಧಾರವಾಡದ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿತ್ತು. ಫಾರ್ಮು ಹೋಗದಿದ್ದರೆ ವರ್ಷ ಹೋಯಿತು. ವರ್ಷ ಹೋದರೆ ವಿದ್ಯಾರ್ಥಿವೇತನ ನಿಂತಿತು. ಅವಳ ಮಟ್ಟಿಗೆ ಅಲ್ಲಿಗೆ ಓದು ಮುಗಿದಂತೆ.

ಅವಳ ಉತ್ತರಪತ್ರಿಕೆ ನನ್ನ ಮುಂದೆ ಬಂದದ್ದು ಒಂದು ಮಧ್ಯಾಹ್ನ. ಸರ್ ಬರೆದುಕೊಟ್ಟ ಉತ್ತರಪಟ್ಟಿ ಪಕ್ಕದಲ್ಲಿತ್ತು. ಗೋಡೆಯ ಬಟ್ಟೆಯಲ್ಲಿದ್ದ ಚಿಹ್ನೆಗಳೇ ಅದರಲ್ಲೂ ಇದ್ದವು. ಕಮಲಾ ಎಲ್ಲವನ್ನೂ ತಿರುಗುಮುರುಗಾಗಿ ಬರೆದಿದ್ದಳು. ಕಬ್ಬಿಣಕ್ಕೆ ಮೈನಸ್, ತಾಮ್ರಕ್ಕೆ ಪ್ಲಸ್. ಆದರೆ ಕೊನೆಯ ಉತ್ತರ ಸೊನ್ನೆ ಬಿಂದು ಏಳು ಎಂಟು ವೋಲ್ಟ್, ಪೂರ್ತಿ ಸರಿ. ಅದೇ ಬೆಂಚಿನಲ್ಲಿ ಕುಳಿತಿದ್ದವನು ಪೇಟೆಯ ವ್ಯಾಪಾರಿಯೊಬ್ಬರ ಮಗ. ಅವನ ಪತ್ರಿಕೆ ತೆಗೆದು ಅವಳದರ ಪಕ್ಕಕ್ಕಿಟ್ಟು ನೋಡಿದೆ. ಅವನವು ಬಟ್ಟೆಯ ಮೇಲಿನ ಚಿಹ್ನೆಗಳು, ಕೊನೆಯ ಉತ್ತರ ಅದೇ. ದಾರಿಯೆಲ್ಲ ತಪ್ಪಾದವಳು ಸರಿಯಾದ ಊರು ಮುಟ್ಟಿದ್ದು ಹೇಗೆ? ಅವನದನ್ನು ನೋಡಿ ಬರೆದಿದ್ದಾಳೆ ಎಂದು ತೀರ್ಮಾನಿಸಿದೆ. ಪ್ರತಿಯೊಂದು ಚಿಹ್ನೆಗೂ ಕಾಟು ಹೊಡೆದೆ. ಮೇಲೆ ಕೆಂಪು ಪೆನ್ಸಿಲಿನಲ್ಲಿ "ನಕಲು" ಎಂದು ಬರೆದೆ.

ಈಗ ನಿಧಾನವಾಗಿ, ಆದಷ್ಟು ಸರಿಯಾಗಿ ಹೇಳಬೇಕಾದದ್ದು ಇದು. ಅವಳ ಉತ್ತರದ ತಲೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಈ ಬೆಲೆಗಳೆಲ್ಲ ಲೋಹವು ಎಲೆಕ್ಟ್ರಾನನ್ನು ತೆಗೆದುಕೊಳ್ಳುವ ದಿಕ್ಕಿನಲ್ಲಿ ಅಳೆದವು ಎಂದು. ಆ ಸಾಲನ್ನು ನಾನು ಓದಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಓದಿದ್ದೆ. ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂಬುದಕ್ಕೆ ಸಿಟ್ಟು ಬಂತು. ಎದ್ದು ಹೋಗಿ ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಎರಡು ಪತ್ರಿಕೆಗಳಲ್ಲಿ ಯಾರು ಯಾರದನ್ನು ನೋಡಿ ಬರೆದಿರಬಹುದು ಎಂಬ ಪ್ರಶ್ನೆಯೂ ನನಗೆ ಹುಟ್ಟಲಿಲ್ಲ. ವ್ಯಾಪಾರಿಯ ಮಗನ ಪತ್ರಿಕೆಯೇ ಅಳತೆಗೋಲು ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹಾಗೆ ಇಟ್ಟುಕೊಂಡೆ.

ಫಲಿತಾಂಶದ ಪಟ್ಟಿ ಹಿಡಿದು ಹೋದಾಗ ಸರ್ ಮೆಟ್ಟಿಲ ಮೇಲಿದ್ದರು. ಹುಕ್ಕೇರಿ ಬಸ್ಸಿನ ಹೊತ್ತು.

"ಸರ್, ಒಂದು ಕಾಪಿ ಕೇಸ್ ಐತ್ರಿ. ಕುಲಗೋಡ ಹುಡುಗಿ."

"ಖರೇನ ತಮ್ಮಾ?"

"ಖರೇರಿ. ಎರಡೂ ಪೇಪರ್ ಇಟ್ಟು ನೋಡೇನ್ರಿ."

ಯಾವುದರ ಬಾಜೂಕ ಎಂದು ಅವರು ಕೇಳಬೇಕಾಗಿತ್ತು. ಚಹಾಕ್ಕೂ ಕೇಳಿದವರು ಅಂದು ಕೇಳಲಿಲ್ಲ. ಪಟ್ಟಿಯನ್ನು ಕಟಕಟೆಯ ಮೇಲಿಟ್ಟು, ನಿಂತಲ್ಲೇ ಸಹಿ ಮಾಡಿ, ಓಡಿದರು.

ಮೂರನೆಯ ದಿನ ಬೆಳಿಗ್ಗೆ ಕಮಲಾ ತಂದೆಯನ್ನು ಕರೆದುಕೊಂಡು ಬಂದಳು. ಫಾರ್ಮು ಧಾರವಾಡಕ್ಕೆ ಮುಟ್ಟಲು ಎರಡು ದಿನ ಉಳಿದಿದ್ದವು. ತಂದೆ ಚಪ್ಪಲಿ ಕಳಚಿ ಪ್ರಯೋಗಶಾಲೆಯ ಹೊಸ್ತಿಲ ಆಚೆಗೇ ನಿಂತ.

"ಒಳಗ ಬರ್ರಿ" ಎಂದರು ಸರ್.

"ಇಲ್ಲೇ ಛಲೋ ಐತ್ರಿ ಸಾಹೇಬ್ರ."

"ಒಳಗ ಬರ್ರಿ ಅಂದೆ."

ಅವನು ಬಂದ. ಪಂಚೆಯ ಚುಂಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಾತಾಡಿದ. "ಹುಡುಗಿ ನಪಾಸ ಆಗಿದ್ರ ಸುಮ್ಮನ ಕರಕೊಂಡು ಹೊಕ್ಕಿದ್ನಿರಿ. ಕದ್ದಾಳಂತ ಬರದೀರಿ. ಅದನ್ನ ಹೊತಗೊಂಡು ಓಣ್ಯಾಗ ಹೆಂಗ ಹೋಗ್ಲಿರಿ?"

ಸರ್ ಪತ್ರಿಕೆ ತರಿಸಿದರು. ಅವಳ ಮುಂದೆ ಮೇಜಿನ ಮೇಲೆ ಹರಡಿದರು. ಕೆಂಪು ಕಾಟುಗಳು ದೂರದಿಂದಲೇ ಕಾಣುತ್ತಿದ್ದವು. ನಾನು ಬೀರುವಿನ ಹತ್ತಿರ ನಿಂತು ಬಾಟಲಿಗಳ ಚೀಟಿ ಓದುತ್ತಿದ್ದೆ.

"ಈ ಚಿಹ್ನೆ ಎಲ್ಲಿಂದ ಬಂದುವವ್ವಾ?"

"ಹೊಸಾ ಪುಸ್ತಕದಾಗ ಹಿಂಗ ಅದಾವ್ರಿ ಸರ್. ನೀವ ಲೈಬ್ರರಿಗೆ ತರಿಸಿದ್ದು." ಚೀಲದಿಂದ ಪುಸ್ತಕ ತೆಗೆದಳು. ಕಾಗದದ ಗುರುತು ಇಟ್ಟಿದ್ದಳು. "ಹಳೇ ಪುಸ್ತಕದವ್ರು ಲೋಹ ಕೊಡೂ ಕಡಿಂದ ಅಳೀತಾರ, ಇವ್ರು ತಗೊಳ್ಳೂ ಕಡಿಂದ. ಬಾವಿ ಮೆಟ್ಟಲಾ ಮ್ಯಾಲಿಂದ ಎಣಿಸಿದ್ರೂ ಕೆಳಗಿಂದ ಎಣಿಸಿದ್ರೂ ಅಷ್ಟ ಇರ್ತಾವಲ್ರಿ. ಅದಕ್ಕ ಕಡೀ ಉತ್ತರಾ ಎರಡಕ್ಕೂ ಒಂದ ಬರ್ತೈತಿ."

ಸರ್ ಪುಟವನ್ನು ಓದಿದರು. ಗೋಡೆಯ ಮೇಲಿನ ಬಟ್ಟೆ ನೋಡಿದರು. ಮತ್ತೆ ಪುಟ ಓದಿದರು. ಆಮೇಲೆ ಕುರ್ಚಿಯ ಮೇಲಿದ್ದ ಗ್ಯಾಲ್ವನೋಮೀಟರಿನ ಪೆಟ್ಟಿಗೆಯನ್ನು ಎತ್ತಿ ನೆಲಕ್ಕಿಟ್ಟು, ಕುಳಿತರು.

ಅದು ಮೊದಲನೆಯ ಸಲ.

"ತರಿಸಿದಾವ ನಾನು," ಎಂದರು. "ಓದಿದಾಕಿ ಈಕಿ."

ಕಟ್ಟಡ ಬೀಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಜವಾನನ ಮುಖ ಮಾತ್ರ ಸಣ್ಣದಾಯಿತು.

ಹೆಚ್ಚು ಹೊತ್ತು ಕುಳಿತಿರಲಿಲ್ಲ. ಎದ್ದು ನಮ್ಮನ್ನೆಲ್ಲ ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ನಡೆದರು. ಪ್ರಿನ್ಸಿಪಾಲರು ಎಲ್ಲವನ್ನೂ ಕೇಳಿ ಹಣೆ ಉಜ್ಜಿಕೊಂಡರು. "ಸಹಿ ಆಗಿ ಬೋರ್ಡಿಗೆ ಹಚ್ಚಿದ ಯಾದಿ ಇದು. ಈಗ ತಗದ್ರ ನಾಳೆ ಎಲ್ಲಾರೂ ಅಪ್ಪನ್ನ ಕರಕೊಂಡು ಬರ್ತಾರ. ಯಾರದರ ತಪ್ಪಂತ ಬರೀಬೇಕಲ್ರಿ. ತಿದ್ದಿದಾವ್ರು ಯಾರು?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ.

"ಉತ್ತರಪಟ್ಟಿ ನಂದು, ಸಹಿ ನಂದು," ಎಂದರು ಸರ್. "ತಿದ್ದಿದ್ದೂ ನಂದ ಅಂತ ಬರಕೋರಿ."

"ವಿಚಾರ ಮಾಡ್ರಿ. ಸರ್ವಿಸ್ ಬುಕ್ಕಿನ್ಯಾಗ ಕುಂದರ್ತೈತಿ. ಮುಂದ ಈ ಕುರ್ಚಿ ನಿಮಗ ಬರೂದೈತಿ."

"ಕುರ್ಚಿ ತಗೊಂಡು ನಾ ಏನ ಮಾಡ್ಲಿರಿ? ಮ್ಯಾಲ ಪೆಟ್ಟಿಗಿ ಇಡ್ಲೇನು?"

ನಿಂತೇ ಬರೆದುಕೊಟ್ಟರು. ಬಳಿಕ ಕಮಲಾಳ ತಂದೆಯ ಕಡೆ ತಿರುಗಿ, "ನಂದ ತಪ್ಪಾತ್ರಿ. ನಿಮ್ಮ ಮಗಳು ಕದ್ದಿಲ್ಲ" ಎಂದರು. ಅವನು ಅವರನ್ನು ಒಂದು ಸಲ ನೇರವಾಗಿ ನೋಡಿದ. ಆ ನೋಟ ನನ್ನ ಮೇಲೆ ಬೀಳಬೇಕಾಗಿದ್ದದ್ದು ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿದೆ ಎಂದುಕೊಂಡಿದ್ದೆ.

ಅದೇ ಮಧ್ಯಾಹ್ನ ಫಾರ್ಮು ತೆಗೆದುಕೊಂಡು ತಾವೇ ಧಾರವಾಡದ ಬಸ್ಸು ಹತ್ತಿದರು. ಮರುದಿನ ಸಂಜೆ ಮುಟ್ಟಿದ ರಸೀದಿ ತಂದು ಕಮಲಾಳ ಕೈಗೆ ಕೊಟ್ಟರು. ಅವಳು ಪರೀಕ್ಷೆಗೆ ಕುಳಿತಳು, ಪಾಸಾದಳು, ಮರುವರ್ಷ ಪದವಿಯನ್ನೂ ಮುಗಿಸಿದಳು. ಪ್ರಿನ್ಸಿಪಾಲರ ಕುರ್ಚಿ ಹೊರಗಿನವರೊಬ್ಬರಿಗೆ ಹೋಯಿತು.

ಗೋಡೆಯ ಬಟ್ಟೆಯನ್ನು ಸರ್ ಅಳಿಸಲಿಲ್ಲ. ಹಳೆಯ ಚಿಹ್ನೆಗಳನ್ನು ಹಾಗೇ ಬಿಟ್ಟು, ಬಲಗಡೆ ಹೊಸ ಚಿಹ್ನೆಗಳ ಸಾಲನ್ನು ಬರೆದರು. ನಡುವೆ ಸೀಸದ ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನೆಚಿಹ್ನೆ.

ಆ ದಿನದ ವಿಷಯ ಅವರು ಮತ್ತೆ ಎತ್ತಲಿಲ್ಲ. ನನಗೆ ತಿದ್ದಲು ಕೊಡುವ ಪತ್ರಿಕೆಗಳೂ ಕಡಿಮೆಯಾಗಲಿಲ್ಲ. ಅದೇ ನನಗೆ ಸಹಿಸಲು ಕಷ್ಟವಾದದ್ದು. ನಾನು ಕೆಂಪು ಪೆನ್ಸಿಲ್ ಬಿಟ್ಟೆ. ರಾತ್ರಿ ಊಟಕ್ಕೆ ಕುಳಿತರೆ ಬಾಗಿಲ ಕಡೆ ಕಿವಿ ಹೋಗುತ್ತಿತ್ತು, ಯಾರೋ ಬಂದು ಕೇಳುತ್ತಾರೆ ಎಂಬಂತೆ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಧೈರ್ಯ ಮಾಡಿ, "ಸರ್, ಆ ದಿವಸ…" ಎಂದೆ. ಅವರು ನನ್ನ ಮುಖ ನೋಡುತ್ತ ನಿಂತರು. ಅಷ್ಟು ಹೊತ್ತು ಒಂದೇ ಕಡೆ ಅವರು ನಿಂತದ್ದು ಅಪರೂಪ. ನಾನು ಮುಂದುವರಿಸಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಮಾತು ಮುಗಿಸಲು ಅವರೇ ಬಿಡಲಿಲ್ಲ ಎಂದು ಮನೆಯವರಿಗೆ ಹೇಳಿದೆ. ಅದು ಸುಳ್ಳು.

ಆಮೇಲೆ ಅವರು ನಿವೃತ್ತರಾಗಿ ಕಣಗಲಾಕ್ಕೆ ಹೋದರು. ದಿನವೂ ಹೆದ್ದಾರಿಯ ಬದಿಗೆ ಮೈಲುಗಟ್ಟಲೆ ನಡೆಯುತ್ತಾರೆಂದು ಕೇಳುತ್ತಿದ್ದೆ. ಎರಡು ವರ್ಷ ನಡೆದರು.

ಕಳೆದ ತಿಂಗಳು ಆ ಪಡಸಾಲೆಯಲ್ಲಿ ಗೋಡೆಯ ಹತ್ತಿರ ಕಮಲಾ ನಿಂತಿದ್ದಳು. ಈಗ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಭಜನೆಯ ನಡುವೆ, ಅವಳಿಗಷ್ಟೇ ಕೇಳುವಂತೆ ನಾನು ಹೇಳಿದೆ: "ಕಮಲಾ, ಆವತ್ತ ನಿನ್ನ ಪೇಪರ್ ತಿದ್ದಿದಾವ ನಾನು."

"ಗೊತ್ತೈತ್ರಿ ಸರ್."

"ಯಾವಾಗಿಂದ?"

"ಪೇಪರ್ ಮುಂದ ಇಟ್ಟ ಕೂಡಲೇ. ಸರ್ ಎಂದರ ಕಾಟು ಹಾಕ್ತಿದ್ರೇನ್ರಿ?"

ಏಳು ವರ್ಷ. "ಯಾಕ ಹೇಳಲಿಲ್ಲ?"

"ನಾ ಹೇಳಾಕ ಹೋಗಿದ್ನಿರಿ. ಸರ್ ಬ್ಯಾಡಂದ್ರು. 'ಅಂವ ಕೆಟ್ಟಾವಲ್ಲ, ತಾನ ಬಂದು ಹೇಳ್ತಾನ' ಅಂದ್ರು. ನಾ ಇಲ್ಲಿಗೆ ಬಂದಾಗೊಮ್ಮೆ ಕೇಳ್ತಿದ್ರು, 'ಬಂದಿದ್ನೇನು?' ಅಂತ. ಹೋದ ತಿಂಗಳೂ ಕೇಳಿದ್ರು."

ಗೋಡೆಗೆ ಒರಗಿ ಅವರು ಕುಳಿತಿದ್ದರು. ಹಿಡಿಯಬೇಕಾದ ಬಸ್ಸು ಯಾವುದೂ ಇರಲಿಲ್ಲ. ನಾನು ಅವರ ಮುಂದೆ ಹೋಗಿ ನಿಂತೆ. ಕಮಲಾ ಹಿಂದಿನಿಂದ ಮೆಲ್ಲನೆ ಹೇಳಿದಳು:

"ಅವ್ರಿಗೆ ಗೊತ್ತಿತ್ರಿ ಸರ್. ನನಗೂ ಗೊತ್ತೈತಿ. ಗೊತ್ತಿಲ್ಲದಾವ ನಮ್ಮಪ್ಪ ಒಬ್ಬನ. ಇವತ್ತೂ ಆ ಸರ್ ತಪ್ಪು ಮಾಡಿದ್ರು ಅಂತ ತಿಳದಾನ. ಮಣ್ಣಿಗೆ ಬಾ ಅಂದೆ, ಬರಲಿಲ್ಲ."

ಮುಂದಿನ ರವಿವಾರ ಕುಲಗೋಡಕ್ಕೆ ಹೋದೆ. ಗೋಕಾಕದಿಂದ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ನಿಂತೇ ಹೋದೆ. ಅವಳ ತಂದೆ ಮನೆಯ ಮುಂದೆ ಕಂಬಳಿ ಹಾಸಿಕೊಂಡು ಹಗ್ಗ ಹೊಸೆಯುತ್ತಿದ್ದ. ನನ್ನ ಗುರುತು ಹತ್ತಲಿಲ್ಲ. ಯಾರೆಂದು ಹೇಳಿದೆ. ಏನು ಮಾಡಿದೆನೆಂದು ಹೇಳಿದೆ. ಅವಳು ಬರೆದಿದ್ದ ಸಾಲನ್ನು ಓದಿಯೂ ಕಾಟು ಹೊಡೆದದ್ದನ್ನು ಹೇಳಿದೆ. ಎರಡು ಪತ್ರಿಕೆಗಳನ್ನು ಪಕ್ಕಪಕ್ಕಕ್ಕಿಟ್ಟಾಗ ಯಾವುದನ್ನು ಸರಿಯೆಂದು ಮೊದಲೇ ಇಟ್ಟುಕೊಂಡಿದ್ದೆ ಎಂಬುದನ್ನೂ ಹೇಳಿದೆ. ಏನನ್ನೂ ಬಿಡಲಿಲ್ಲ, ಏನನ್ನೂ ಕೂಡಿಸಲಿಲ್ಲ.

ಅವನ ಕೈಯಲ್ಲಿ ಹಗ್ಗ ನಿಂತಿತು. ಕೇಳಿದ: "ಆ ಸಾಹೇಬ್ರು ಖರೇನ ಸತ್ರೇನ್ರಿ?"

"ಹೌದ್ರಿ."

"ಅವ್ರಿಗೆ ನಾ ಏಳು ವರ್ಷ ಬೈದೇನಿ."

ಆಮೇಲೆ ಅವನು ಹಗ್ಗವನ್ನು ಬದಿಗಿಟ್ಟು, ಕಂಬಳಿಯ ಮೇಲೆ ತುಸು ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಜಾಡಿಸಿದ.

"ಕುಂದರ್ರಿ" ಎಂದ.

ನನ್ನಿಂದ ಕುಳಿತುಕೊಳ್ಳಲು ಆಗಲಿಲ್ಲ.